ಪಹಣಿಯಿಂದ ಎಐವರೆಗೆ: ಸರ್ಕಾರಿ ನೌಕರರ ಡಿಜಿಟಲ್ ಕಲಿಕೆಯ ಕಾಲು ಶತಮಾನ

ಕೋಲಾರ–ಮುಳಬಾಗಿಲು ಹೆದ್ದಾರಿಯಲ್ಲಿ ಸಿಗುವ ದೇವರಾಯಸಮುದ್ರದಂಥ ಊರಿನಲ್ಲಿ ಸರ್ಕಾರವೆಂದರೆ ಗ್ರಾಮ ಆಡಳಿತಾಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಅಂಗನವಾಡಿ ಕಾರ್ಯಕರ್ತೆ. ಇವರ ಕೆಲಸ ದಫ್ತರದಿಂದ ಮೊಬೈಲಿಗೆ ಬಂದಿದೆ. ಈ ಡಿಜಿಟಲ್ ವಿದ್ಯೆಯನ್ನು ಅವರಿಗೆ ಕಲಿಸಿದ ರೀತಿ ಮಾತ್ರ ಒಂದೊಂದು ಕಾಲಕ್ಕೆ ಒಂದೊಂದು ತೆರನಾಗಿತ್ತು.

ಮೊದಲ ಘಟ್ಟ ಭೂದಾಖಲೆಗಳ ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ಸುಮಾರು 9,000 ಗ್ರಾಮ ಲೆಕ್ಕಿಗರ (ಇಂದಿನ ಗ್ರಾಮ ಆಡಳಿತಾಧಿಕಾರಿಗಳ) ಕೈಯಲ್ಲಿದ್ದ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯಲ್ಲಿ ಬೆರಳಚ್ಚು ಒತ್ತಿ ಲಾಗಿನ್ ಆದವರೇ ತಾವು ಮಾಡಿದ ತಿದ್ದುಪಡಿಗೆ ಹೊಣೆಗಾರರಾದರು. ಕಲಿಕೆ, ಕೆಲಸ, ಹೊಣೆ ಮೂರೂ ಒಂದೇ ಮೇಜಿನ ಮೇಲೆ ಸೇರಿದ್ದು ಈ ಘಟ್ಟದ ದೊಡ್ಡ ಗುಣ.

ಎರಡನೆಯದು ಪರೀಕ್ಷೆಯ ಘಟ್ಟ. 2012ರಲ್ಲಿ ‘ಸಕಾಲ’ ಯೋಜನೆ ಬಂದು ಅರ್ಜಿಗಳ ವಿಲೇವಾರಿಗೆ ಗಡುವು ಹಾಕಿತು. ಅದೇ ವರ್ಷದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳು ನೌಕರರ ವೇತನ ಬಡ್ತಿ, ಮುಂಬಡ್ತಿಗಳನ್ನು ಪರೀಕ್ಷೆಗೆ ಜೋಡಿಸಿದವು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ನಡೆಸಿದ ಈ ಪರೀಕ್ಷೆಯಿಂದ ಕೀಲಿಮಣೆಯ ಅಂಜಿಕೆ ಹಲವರಲ್ಲಿ ಕಳೆಯಿತು. ಆದರೆ ಪಾಸಾಗುವ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಪ್ರಮಾಣಪತ್ರಕ್ಕಾಗಿ ಓದಿದ್ದು ನಿತ್ಯದ ಕಡತಕ್ಕೆ ಇಳಿಯದಿದ್ದರೆ ಬೇಗ ಮರೆತುಹೋಗುತ್ತದೆ.

ಮೂರನೆಯದು ಆ್ಯಪ್‌ಗಳ ಕಾಲ. 2021ರಲ್ಲಿ ಅಂಗನವಾಡಿಗಳಿಗೆ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿಯನ್ನೂ ಮೊಬೈಲಿನಲ್ಲೇ ದಾಖಲಿಸುವುದು 2023ರಿಂದ ಕಡ್ಡಾಯವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಆ್ಯಪ್‌ಗಳ ಹೊರೆ, ಸಲಕರಣೆಗಳ ಕೊರತೆ ಅವರ ಮುಖ್ಯ ದೂರುಗಳಾಗಿದ್ದವು. ಆ ದೂರನ್ನು ಕಲಿಯಲೊಲ್ಲದವರ ನೆಪವೆಂದು ತಳ್ಳಿಹಾಕುವುದು ಅನ್ಯಾಯ. ಸಲಕರಣೆ, ಸಮಯ, ಕೇಳಿದರೆ ಹೇಳಿಕೊಡುವವರು—ಇಷ್ಟೂ ಇಲ್ಲದೆ ಕೌಶಲ ಬೆಳೆಯುವುದಿಲ್ಲ.

ಈಗಿನದು ಎಐ ಘಟ್ಟ. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ, ಸರ್ಕಾರಿ ನೌಕರರ ತರಬೇತಿ ಯೋಜನೆ ‘ಮಿಷನ್ ಕರ್ಮಯೋಗಿ’ಯ ಆನ್‌ಲೈನ್ ಕಲಿಕಾ ವೇದಿಕೆ ಐಗಾಟ್ ಈಗ ಎಐ ಪಾಠಗಳನ್ನೂ ನೀಡುತ್ತಿದೆ. 2022ರಲ್ಲಿ ಆರಂಭವಾದ ‘ಭಾಷಿಣಿ’ ಭಾರತೀಯ ಭಾಷೆಗಳ ನಡುವೆ ಮಾತನ್ನೂ ಬರಹವನ್ನೂ ಅನುವಾದಿಸುತ್ತದೆ. ಮನೆಮಾತು ತೆಲುಗಾಗಿರುವ ಎಷ್ಟೋ ಕುಟುಂಬಗಳಿರುವ ಮುಳಬಾಗಿಲು ಗಡಿಯಲ್ಲಿ ಇದರ ಬೆಲೆ ದೊಡ್ಡದು. ಆದರೆ ಎಐ ಇಲ್ಲದ ನಿಯಮವನ್ನೂ ಇದ್ದಂತೆಯೇ ಬರೆದುಕೊಡಬಲ್ಲದು. ಆ ಕರಡನ್ನು ಮೂಲ ಆದೇಶದೊಂದಿಗೆ ತಾಳೆ ನೋಡುವುದು, ಅರ್ಜಿದಾರರ ಆಧಾರ್ ಸಂಖ್ಯೆಯನ್ನು ಕಂಡಕಂಡ ಆ್ಯಪಿಗೆ ಹಾಕದಿರುವುದು, ಯಂತ್ರದ ಉತ್ತರಕ್ಕೆ ತಾನೇ ಸಹಿ ಹಾಕುತ್ತಿದ್ದೇನೆಂಬ ಎಚ್ಚರ: ಇವು ವಿಡಿಯೊ ನೋಡಿ ಮುಗಿಸುವ ಪಾಠಗಳಲ್ಲ.

ಆದ್ದರಿಂದ ಮುಂದಿನ ದಾರಿ ‘ಭೂಮಿ’ಯ ಪಾಠಕ್ಕೆ ಮರಳಬೇಕು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ, ಜಿಲ್ಲಾ ತರಬೇತಿ ಸಂಸ್ಥೆಗಳು ನೌಕರರ ನಿಜವಾದ ಕಡತಗಳ ಮಾದರಿಯಲ್ಲೇ, ಕನ್ನಡದಲ್ಲಿ, ಕೆಲಸದ ವೇಳೆಯೊಳಗೆ ಕಲಿಸಲಿ. ಹೊಸ ತಂತ್ರಾಂಶ ಪಂಚಾಯಿತಿಗೆ ಬರುವ ಮುನ್ನವೇ ಆ ತರಬೇತಿ ಮುಗಿದಿರಲಿ.