ಮಂಗಳೂರಿನ ಕಾಲೇಜುಗಳಲ್ಲಿ ಬರವಣಿಗೆಯ ಪಾಠ

ಮಂಗಳೂರಿನ ಮನೆಗಳಲ್ಲಿ ಬೆಳಗಿನಿಂದ ಸಂಜೆಯ ತನಕ ಕಿವಿಗೊಟ್ಟು ಕುಳಿತರೆ ನೀವು ಕೇಳುವ ಮಾತು ತುಳುವಾಗಿರಬಹುದು, ಕೊಂಕಣಿಯಾಗಿರಬಹುದು, ಬ್ಯಾರಿಯಾಗಿರಬಹುದು. ಹವ್ಯಕರ ಮನೆಯಲ್ಲಾದರೆ ಕನ್ನಡವೇ ಸರಿ. ಆದರೆ ಅದೂ ಪುಸ್ತಕದ ಕನ್ನಡವಲ್ಲ. ಅದೇ ಮನೆಯವರು ಕಾಗದ ಬರೆಯಲು ಕುಳಿತರೆ, ಮದುವೆಯ ಕರೆಯೋಲೆ ಅಚ್ಚು ಹಾಕಿಸಿದರೆ, ಬಹುಮಟ್ಟಿಗೆ ಶಾಲೆಯಲ್ಲಿ ಕಲಿತ ಕನ್ನಡವನ್ನೇ ನೆಚ್ಚಿಕೊಂಡು ಬಂದಿದ್ದಾರೆ. ಆಡುವ ಮಾತು ಮನೆಯದು, ಬರೆಯುವ ಮಾತು ಶಾಲೆಯದು. ಆದುದರಿಂದ ಈ ಊರಿನ ವಿದ್ಯಾರ್ಥಿಗೆ ಬರೆಯಲು ಕಲಿಯುವುದೆಂದರೆ ಇನ್ನೊಂದು ಭಾಷೆಯನ್ನೇ ಕಲಿತಂತೆ. ಪಕ್ಕದಲ್ಲಿ ಕುಳಿತು ತಿದ್ದುವವರೊಬ್ಬರು ಅವನಿಗೆ ಬೇಕೇ ಬೇಕಾಗಿತ್ತು. ನಮ್ಮ ಕಾಲೇಜುಗಳ ಚರಿತ್ರೆಯನ್ನು ಹೇಳುವಾಗ ಕಟ್ಟಡ ಎದ್ದ ವರುಷವನ್ನು ಹೇಳುತ್ತೇವೆ, ಪ್ರಾರ್ಥನಾಮಂದಿರದ ಚಿತ್ರಗಳನ್ನು ಹೊಗಳುತ್ತೇವೆ. ತಿದ್ದಿದವರ ಮಾತು ಬರುವುದು ಕಡಮೆ.

ವಿನೋದವೆಂದರೆ, ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಇಲ್ಲಿ ಬರೆಹದ ಕನ್ನಡವನ್ನು ಹೊಸದಾಗಿ ಕಲಿಯಲು ಕುಳಿತವರಲ್ಲಿ ಪರದೇಶಿಗಳೂ ಇದ್ದರು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದರು. ಊರ ಮುನ್ಶಿಗಳಿಂದ ಪಾಠ ಹೇಳಿಸಿಕೊಂಡೇ ಅವರು ಕನ್ನಡದಲ್ಲಿ ಬರೆಯುವಂತಾದುದು. ಅವರಲ್ಲೊಬ್ಬರಾದ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು; ಕನ್ನಡದ ಮೊದಲ ವೃತ್ತಪತ್ರಿಕೆ ಅದು. ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಅದೇ ಮಿಶನ್ನಿನ ಅಚ್ಚುಕೂಟದಿಂದ 1894ರಲ್ಲಿ ಹೊರಬಂತು. ಸುಮಾರು 70,000 ಶಬ್ದಗಳ ಆ ಹೊತ್ತಗೆ ಇಂಗ್ಲಿಷಿಗೂ ಕನ್ನಡಕ್ಕೂ ನಡುವೆ ಸಿಕ್ಕಿ ತರ್ಜುಮೆ ಮಾಡುತ್ತಿದ್ದ ವಿದ್ಯಾರ್ಥಿಗೆ ಬಾಯಿ ತೆರೆಯದ ಗುರುವೇ ಆಗಿತ್ತೆನ್ನಬಹುದು. ಅದಕ್ಕೂ ಮೊದಲು, 1883ರಲ್ಲಿ, ಇಟಲಿಯ ಜೆಸುಯಿಟ್ ಪಾದ್ರಿ ಮಫೆಯಿಯವರ ಇಂಗ್ಲಿಷ್-ಕೊಂಕಣಿ ನಿಘಂಟೂ ಅಲ್ಲಿಯೇ ಅಚ್ಚಾಯಿತು. ಕಥೊಲಿಕ ಪಾದ್ರಿಯ ಪುಸ್ತಕಕ್ಕೆ ಪ್ರಾಟೆಸ್ಟಂಟರ ಅಚ್ಚುಕೂಟ! 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು ಬಂತು. ಮನೆಮಾತುಗಳಿಗೂ ಹೀಗೆ ನಿಘಂಟುಗಳಾದವು; ಕಾಲೇಜಿನ ಬರವಣಿಗೆ ಮಾತ್ರ ಇಂಗ್ಲಿಷ್ ಮತ್ತು ಕನ್ನಡದಲ್ಲಿಯೇ ನಡೆಯಿತು.

ಇನ್ನು ಕಾಲೇಜುಗಳಿಗೆ ಬರೋಣ. ಹಂಪನಕಟ್ಟೆಯ ಸರಕಾರೀ ಕಾಲೇಜಿನ ಮೂಲ 1868ರದು. ಈಗ ಅದಕ್ಕೆ ವಿಶ್ವವಿದ್ಯಾನಿಲಯ ಕಾಲೇಜೆಂದು ಹೆಸರು. ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಎರಡೂ ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ಗಣಿತ, ಚರಿತ್ರೆ, ತರ್ಕ ಎಲ್ಲವೂ ಇಂಗ್ಲಿಷಿನಲ್ಲಿ. 1904ರ ವಿಶ್ವವಿದ್ಯಾನಿಲಯಗಳ ಕಾಯಿದೆಯ ತರುವಾಯ ಮದರಾಸಿನವರು ನಿಬಂಧನೆಗಳನ್ನು ಬದಲಾಯಿಸಿದಾಗ, ಇಂಟರ್‌ಮೀಡಿಯೆಟ್ ವಿದ್ಯಾರ್ಥಿ ದೇಶಭಾಷೆಯಲ್ಲಿ ಪ್ರಬಂಧ ಬರೆಯಬೇಕಾದುದು ಕಡ್ಡಾಯವಾಯಿತು. ಅಂದರೆ, ಕಾವ್ಯವನ್ನು ಓದಿ ಅರ್ಥ ಹೇಳಿದರೆ ಸಾಲದು, ಸ್ವಂತವಾಗಿ ನಾಲ್ಕು ಪುಟ ಬರೆಯಲೂ ಬೇಕು. ಬರೆದುದನ್ನು ತಿದ್ದುವ ಭಾರ ಕನ್ನಡ ಪಂಡಿತರ ಹೆಗಲಿಗೆ ಬಿತ್ತು.

ಪಂಡಿತರೆಂದರೆ ಆ ಕಾಲದ ಕಾಲೇಜಿನಲ್ಲಿ ಎಂತಹ ಸ್ಥಾನ? ಇಂಗ್ಲಿಷ್ ಹೇಳುವವರಿಗೆ ಒಂದು ಸಂಬಳ, ಪಂಡಿತರಿಗೆ ಅದಕ್ಕಿಂತ ಕಿರಿದಾದ ಇನ್ನೊಂದು. ಮರ್ಯಾದೆಯಲ್ಲಿಯೂ ಅದೇ ಅಂತರ. ಹೀಗಿದ್ದರೂ ಆ ಪೀಠದಲ್ಲಿ ಕುಳಿತವರು ಎಂಥವರೆಂಬುದನ್ನು ನೋಡಿ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874-1937) ಸರಕಾರೀ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದರು. ಅನಂತರ ಶಾಲೆಗಳ ಇನ್‌ಸ್ಪೆಕ್ಟರರಾದರು. ಅವರ ಮನೆಮಾತು ಕೊಂಕಣಿ. ಅವರ ಶಿಷ್ಯರಾದ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. ಕೊಂಕಣಿಯ ಗುರು ಕೊಂಕಣಿಯ ಶಿಷ್ಯನಿಗೆ ಕನ್ನಡ ಹೇಳಿಕೊಟ್ಟುದರ ಫಲವನ್ನು ನಾಡು ಬಲ್ಲದು. 1911ರಲ್ಲಿ ಗೋವಿಂದ ಪೈಗಳು ಆದಿಪ್ರಾಸವನ್ನು ಕೈಬಿಟ್ಟು ಪದ್ಯ ಬರೆದರು, 1949ರಲ್ಲಿ ರಾಷ್ಟ್ರಕವಿಗಳೆನಿಸಿದರು. ನಿಯಮವನ್ನು ಚೆನ್ನಾಗಿ ಕಲಿತವನಿಗೇ ಅದನ್ನು ಬಿಡುವ ಧೈರ್ಯ ಬರುವುದೆಂದು ನನಗೆ ತೋರುತ್ತದೆ.

ತಿದ್ದುವುದೆಂದರೆ ಕಾಗುಣಿತಕ್ಕೆ ಕೆಂಪು ಮಸಿಯ ಗೀಟು ಎಳೆಯುವುದೆಂದು ತಿಳಿಯಬೇಡಿ. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಜಿಲ್ಲೆಯ ಹುಡುಗ ‘ನನ್ನ ತಂಗಿ ಶಾಲೆಗೆ ಹೋಯಿತು’ ಎಂದು ಬರೆಯುತ್ತಾನೆ. ಘಟ್ಟದ ಮೇಲಿನ ಪರೀಕ್ಷಕರು ಅದನ್ನು ಕಂಡು ನಕ್ಕು ಅಂಕ ಕಳೆದಾರು. ಆದರೆ ತುಳುವಿನಲ್ಲಿ ಹುಡುಗಿಗೆ ನಪುಂಸಕಲಿಂಗದ ಕ್ರಿಯಾಪದ ಸಲ್ಲುತ್ತದೆ. ಕೊಂಕಣಿಯಲ್ಲಿಯೂ ‘ಚೆಡುಂ’ ನಪುಂಸಕ. ಹವ್ಯಕರ ಮಾತಿನಲ್ಲಿ ಅಕ್ಕನೂ ತಂಗಿಯೂ ‘ಬಂತು’, ‘ಹೋತು’ ಎಂಬಲ್ಲಿಗೇ ನಿಲ್ಲುತ್ತಾರೆ. ಮೂರು ಮನೆಯ ವ್ಯಾಕರಣವೂ ಒಂದೇ ಮಾತು ಹೇಳುತ್ತಿರುವಾಗ ಹುಡುಗ ತಪ್ಪು ಮಾಡಿದನೆನ್ನುವುದು ಹೇಗೆ? ಅವನು ಮನೆಯ ನಿಯಮವನ್ನು ಪುಸ್ತಕದ ಭಾಷೆಗೆ ತಂದನಷ್ಟೆ. ತುಳುವರ ಮಕ್ಕಳ ಮಹಾಪ್ರಾಣದ ಕಥೆಯೂ ಹಾಗೆಯೇ. ನಾಲಗೆಯಲ್ಲಿಲ್ಲದ ‘ಭ’ಕಾರ ಲೇಖನಿಗೆ ಎಲ್ಲಿಂದ ಬರಬೇಕು? ಇದನ್ನು ಬಲ್ಲ ಪಂಡಿತನು ಗೀಟು ಎಳೆದು ಸುಮ್ಮನಾಗುವುದಿಲ್ಲ. ಹುಡುಗನನ್ನು ಹತ್ತಿರ ಕರೆದು, ‘ನಿನ್ನ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀ?’ ಎಂದು ಕೇಳಿ, ಎರಡನ್ನೂ ಜೋಡಿಸಿ ತೋರಿಸುತ್ತಾನೆ. ಅಷ್ಟಾದರೆ ಆ ಹುಡುಗ ಮತ್ತೆ ಎಡವುವುದು ಅಪರೂಪ. ಈ ಕೆಲಸ ತರಗತಿಯ ಗಂಟೆಯೊಳಗೆ ಮುಗಿಯುವಂಥದಲ್ಲ.

ಅಲೋಶಿಯಸ್ ಕಾಲೇಜಿನಲ್ಲಿ ಪಂಡಿತರಾಗಿದ್ದ ಮುಳಿಯ ತಿಮ್ಮಪ್ಪಯ್ಯನವರು (1888-1950) ‘ನಾಡೋಜ ಪಂಪ’ವನ್ನು ಬರೆದ ವಿದ್ವಾಂಸರು. ಅದೇ ಸಂಸ್ಥೆಯ ಹೈಸ್ಕೂಲಿನಲ್ಲಿಯೂ ತರುವಾಯ ಕಾಲೇಜಿನಲ್ಲಿಯೂ ಪಾಠ ಹೇಳಿದ ಸೇಡಿಯಾಪು ಕೃಷ್ಣಭಟ್ಟರು (1902-1996) ಛಂದಸ್ಸನ್ನೂ ಕನ್ನಡದ ವರ್ಣಗಳನ್ನೂ ಕೂದಲು ಸೀಳಿದಂತೆ ವಿಚಾರ ಮಾಡಿದವರು. ಹೆಣ್ಣುಮಕ್ಕಳ ಪಾಲಿಗೆ 1921ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆಯಿತು. ಅಲ್ಲಿ ಕನ್ನಡ ಕಲಿಸಿದವರಲ್ಲಿ ಕಡೆಂಗೋಡ್ಲು ಶಂಕರಭಟ್ಟರೊಬ್ಬರು (1904-1968). ಅವರು ಕವಿಗಳು, ‘ರಾಷ್ಟ್ರಬಂಧು’ ಪತ್ರಿಕೆಯ ಸಂಪಾದಕರೂ ಹೌದು. ಪತ್ರಿಕೆಯ ಲೇಖನವನ್ನು ತಿದ್ದುವ ಕೈಯೇ ವಿದ್ಯಾರ್ಥಿನಿಯರ ಪ್ರಬಂಧವನ್ನೂ ತಿದ್ದುವುದೆಂದರೆ ಸಣ್ಣ ಭಾಗ್ಯವಲ್ಲ. ಇವರ ಗ್ರಂಥಗಳು ಕಪಾಟಿನಲ್ಲಿವೆ. ಇಂಥವರು ತಿದ್ದಿಕೊಟ್ಟ ನೋಟುಪುಸ್ತಕಗಳ ಗತಿ ಏನಾಯಿತು? ಪರೀಕ್ಷೆ ಮುಗಿದ ಮೇಲೆ ಹಳೆಯ ನೋಟುಪುಸ್ತಕ ಹೋಗುವುದು ಕಡಲೆಕಾಯಿಯ ಪೊಟ್ಟಣಕ್ಕೆ. ಪಂಡಿತರ ಆಯುಸ್ಸಿನ ಬಹುಭಾಗ ಹಾಗೆ ಪೊಟ್ಟಣವಾಗಿ ಹೋಗಿದೆ.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಲೇಜುಗಳು ಮದರಾಸನ್ನು ಬಿಟ್ಟು ಮೈಸೂರು ವಿಶ್ವವಿದ್ಯಾನಿಲಯದ ಕಡೆಗೆ ತಿರುಗಿದವು. 1968ರಲ್ಲಿ ಆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಇಲ್ಲಿ ಆರಂಭವಾದಾಗ ಕನ್ನಡ ವಿಭಾಗಕ್ಕೆ ಬಂದವರು ಎಸ್. ವಿ. ಪರಮೇಶ್ವರ ಭಟ್ಟರು. ಎಳೆಯರ ಬರಹಕ್ಕೆ ಬೆನ್ನು ತಟ್ಟುವುದರಲ್ಲಿ ಅವರದು ಧಾರಾಳದ ಕೈ. ಮುಂದೆ 1980ರಲ್ಲಿ ಅದೇ ಕೇಂದ್ರ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಈ ನಡುವೆ 1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಆರಂಭವಾದುದು ವಿದ್ಯಾರ್ಥಿಗಳಿಗೆ ಬರವಣಿಗೆಯ ಇನ್ನೊಂದು ಪಾಠಶಾಲೆಯೇ ಆಯಿತು. ಬಾನುಲಿಗೆ ಬರೆದ ಮಾತು ಕಿವಿಗೆ ಸಲ್ಲಬೇಕು, ಗಡಿಯಾರಕ್ಕೂ ಸಲ್ಲಬೇಕು. ಹತ್ತು ನಿಮಿಷದ ಭಾಷಣಕ್ಕೆ ಹದಿನಾರು ಪುಟ ಬರೆದುಕೊಂಡು ಹೋದವನಿಗೆ ಯಾವ ವಾಕ್ಯ ಬೇಡವೆಂಬುದು ಅಲ್ಲಿ ತಾನೇ ತಿಳಿಯುತ್ತದೆ.

ಈಗಿನ ಮಾತು ಹೇಳುವುದಾದರೆ, ಕಾಲೇಜು ವಿದ್ಯಾರ್ಥಿಗಳಿಗೆ ಟ್ಯೂಶನ್ನಿನ ಕೊರತೆ ನಗರದಲ್ಲಿಲ್ಲ. ಭೌತಶಾಸ್ತ್ರ, ಗಣಿತ, ಲೆಕ್ಕಶಾಸ್ತ್ರಗಳ ಹಲಗೆಗಳನ್ನು ನೀವು ಬೀದಿಬೀದಿಯಲ್ಲಿ ಓದಿರುತ್ತೀರಿ. ‘ಇಲ್ಲಿ ಬರೆಯಲು ಕಲಿಸಲಾಗುವುದು’ ಎಂಬ ಹಲಗೆಯನ್ನು ನಾನಂತೂ ಓದಿಲ್ಲ. ತಿದ್ದುವ ಕೆಲಸಕ್ಕೆ ಹಿಡಿಯುವ ಹೊತ್ತನ್ನು ಲೆಕ್ಕ ಹಾಕಿ ನೋಡಿ. ತರಗತಿಯಲ್ಲಿ ಅರುವತ್ತು ಮಂದಿ. ಒಂದು ಪ್ರಬಂಧಕ್ಕೆ ಐದೇ ನಿಮಿಷವೆಂದರೂ ಐದು ಗಂಟೆ. ಹುಡುಗನನ್ನು ಕರೆದು ಕಾರಣ ಹೇಳುವುದು ಬೇರೆ. ಆ ಐದು ಗಂಟೆಯನ್ನು ಅಧ್ಯಾಪಕರ ವೇಳಾಪಟ್ಟಿಯಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಅದು ಮನೆಯಲ್ಲಿ, ಊಟವಾದ ಮೇಲೆ, ದೀಪದ ಕೆಳಗೆ ಕಳೆಯುವ ಹೊತ್ತು.

ಇತ್ತೀಚೆಗೆ ಇನ್ನೊಂದು ಸಂಗತಿ ಕೂಡಿಕೊಂಡಿದೆ. ವಿದ್ಯಾರ್ಥಿಯ ಕೈಯ ಫೋನೇ ಪ್ರಬಂಧವನ್ನು ಬರೆದುಕೊಡುತ್ತದೆ. ಕಾಗುಣಿತ ಸರಿ, ಲಿಂಗ ಸರಿ, ವಿಭಕ್ತಿಯೂ ಬಹುಮಟ್ಟಿಗೆ ಸರಿ. ಅದರಲ್ಲಿ ತಂಗಿ ಶಾಲೆಗೆ ‘ಹೋದಳು’ ಎಂದೇ ಇರುತ್ತದೆ. ಹಾಗಿದ್ದಮೇಲೆ ಅವನನ್ನು ಹತ್ತಿರ ಕರೆದು ‘ನಿನ್ನ ಮನೆಯಲ್ಲಿ ಹೇಗೆ ಹೇಳುತ್ತೀ?’ ಎಂದು ಕೇಳುವ ಸಂದರ್ಭವೇ ಪಂಡಿತನಿಗೆ ಒದಗುವುದಿಲ್ಲ. ಆದುದರಿಂದ ಕೆಲವು ಅಧ್ಯಾಪಕರು ಮನೆಯಿಂದ ಬರೆದು ತರಲು ಹೇಳುವುದನ್ನು ಬಿಟ್ಟು, ವಾರಕ್ಕೊಂದು ಗಂಟೆ ತರಗತಿಯಲ್ಲಿಯೇ, ತಮ್ಮ ಕಣ್ಣೆದುರಿಗೇ, ಕೈಯಿಂದ ಒಂದು ಪುಟ ಬರೆಯಿಸುವ ಹಳೆಯ ಕ್ರಮಕ್ಕೆ ಮರಳಿದ್ದಾರೆ.