ಮಡಗಾಸ್ಕರ್ ಕಳಚಿಕೊಂಡ ಅಂಚು

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬಂದವರ ಕಣ್ಣು ಮೊದಲು ಹಿಡಿಯುವುದು ಇಲ್ಲಿನ ಕಲ್ಲುಕಂಬಗಳನ್ನೇ. ಲಾವಾ ತಣಿದು ಕುಗ್ಗುವಾಗ ಸೀಳಿ ಆದವು ಇವು. ಎಲ್ಲಕ್ಕೂ ಆರೇ ಮುಖವೇ? ಎಣಿಸಿ ನೋಡಿ, ಐದು, ಏಳು ಮುಖದವೂ ಸಿಗುತ್ತವೆ.

ಪಶ್ಚಿಮ ಭಾರತದ ಡೆಕ್ಕನ್ ಟ್ರ್ಯಾಪ್‌ನ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಈ ಶಿಲೆ ಅದಕ್ಕಿಂತ ಬಹಳ ಹಳೆಯದು: ಇದರ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದಾಗ ಸಿಕ್ಕ ವಯಸ್ಸು ಸುಮಾರು 9 ಕೋಟಿ ವರ್ಷ. ಮಡಗಾಸ್ಕರ್‌ನ ಪೂರ್ವ ಕರಾವಳಿಯ ಲಾವಾಕ್ಕೂ ಹೆಚ್ಚುಕಡಿಮೆ ಅಷ್ಟೇ ಪ್ರಾಯ.

ಅಂದು ಭಾರತ, ಮಡಗಾಸ್ಕರ್ ಎರಡೂ ಕೂಡಿಕೊಂಡಿದ್ದವು. ಲಾವಾ ಹೆಪ್ಪುಗಟ್ಟಿ ತಣಿಯುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆ ಕಾಲದ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಂಡವು. ಅದನ್ನು ಓದಿದವರಿಗೆ ಗೊತ್ತಾದದ್ದು, ಈ ನೆಲ ಆಗ ಸಮಭಾಜಕ ವೃತ್ತದ ದಕ್ಷಿಣಕ್ಕಿತ್ತು! ಆಮೇಲೆ ಎರಡರ ನಡುವೆ ಬಿರುಕು ಬಿಟ್ಟು, ಅದು ಅಗಲವಾಗುತ್ತ ಸಮುದ್ರ ನುಗ್ಗಿತು. ಭಾರತ ಉತ್ತರಕ್ಕೆ ಸಾಗಿತು.