ಪಟ್ಟೆತಲೆ ಹೆಬ್ಬಾತಿನ ಎತ್ತರದ ಹಾರಾಟ

ಪಟ್ಟೆತಲೆ ಹೆಬ್ಬಾತು ಹಿಮಾಲಯ ಪರ್ವತಶ್ರೇಣಿಯನ್ನು ವರ್ಷಕ್ಕೆ ಎರಡು ಬಾರಿ ದಾಟುವ ವಲಸೆ ಹಕ್ಕಿಯಾಗಿದೆ. ಆನ್ಸರ್ ಇಂಡಿಕಸ್ ಎಂಬುದು ಇದರ ವೈಜ್ಞಾನಿಕ ಹೆಸರು. ಬಿಳಿಯ ತಲೆಯ ಹಿಂಭಾಗದಲ್ಲಿರುವ ಎರಡು ಕಪ್ಪು ಪಟ್ಟೆಗಳಿಂದ ಇದಕ್ಕೆ ಈ ಹೆಸರು ಬಂದಿದೆ. ತೂಕ ಸಾಮಾನ್ಯವಾಗಿ 2ರಿಂದ 3 ಕಿಲೋಗ್ರಾಂ. ಬೇಸಿಗೆಯಲ್ಲಿ ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿ ಮತ್ತು ಲಡಾಖ್‌ನ ಸರೋವರಗಳ ಬಳಿ ಮರಿಮಾಡುವ ಈ ಹಕ್ಕಿಗಳಲ್ಲಿ ಬಹುಪಾಲು ಚಳಿಗಾಲವನ್ನು ಭಾರತ ಉಪಖಂಡದಲ್ಲಿ ಕಳೆಯುತ್ತವೆ. ಕರ್ನಾಟಕದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಮೈಸೂರು ಜಿಲ್ಲೆಯ ಹದಿನಾರು ಕೆರೆ ಇವುಗಳ ಹೆಸರಾಂತ ನೆಲೆಗಳು. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಈ ಎರಡು ತಾಣಗಳ ನಡುವಿನ ಅಂತರ 4,000 ಕಿಲೋಮೀಟರಿಗೂ ಹೆಚ್ಚು.

ಎತ್ತರದ ತೊಡಕು

ಸಮುದ್ರಮಟ್ಟದಿಂದ ಸುಮಾರು 5,500 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡ ಅರ್ಧಕ್ಕೆ ಇಳಿದಿರುತ್ತದೆ. ಎವರೆಸ್ಟ್ ಶಿಖರದ ತುದಿಯಲ್ಲಿ ಅದು ಮೂರನೆಯ ಒಂದು ಭಾಗ ಮಾತ್ರ. ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕದ ಪಾಲೇ ತಗ್ಗುತ್ತದೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಅದು ಸರಿಯಲ್ಲ, ಪಾಲು ಎಲ್ಲೆಡೆಯೂ ಶೇಕಡ 21ರಷ್ಟೇ ಇರುತ್ತದೆ. ಗಾಳಿಯೇ ತೆಳುವಾಗುವುದರಿಂದ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ.

ಹಾರುವ ಹಕ್ಕಿಗೆ ಇನ್ನೊಂದು ಕಷ್ಟವೂ ಉಂಟು. ರೆಕ್ಕೆ ಒತ್ತಬೇಕಾದ ಗಾಳಿಯೂ ತೆಳುವಾಗಿರುವುದರಿಂದ ದೇಹವನ್ನು ಮೇಲೆ ಹಿಡಿದಿಡಲು ಹೆಚ್ಚು ಶ್ರಮ ಬೇಕು. ಹೀಗೆ ಆಮ್ಲಜನಕದ ಅಗತ್ಯ ಹೆಚ್ಚುವ ಕಡೆಯಲ್ಲಿಯೇ ಅದರ ಪೂರೈಕೆ ಕುಗ್ಗುತ್ತದೆ.

ತೇಲುವ ಹಕ್ಕಿ, ಬಡಿಯುವ ಹಕ್ಕಿ

ಮೇಲಕ್ಕೇರುವ ಹಕ್ಕಿಗಳೆಲ್ಲ ಒಂದೇ ಬಗೆಯಲ್ಲಿ ಏರುವುದಿಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟಿನಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳನ್ನು ಗಮನಿಸಿದರೆ ಮೊದಲ ಬಗೆ ಸ್ಪಷ್ಟವಾಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅಲ್ಲಿಂದ ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ. ಈ ಹಕ್ಕಿಗಳು ರೆಕ್ಕೆ ಬಿಡಿಸಿ ಆ ಕಂಬದೊಳಗೆ ಸುತ್ತುತ್ತಾ, ರೆಕ್ಕೆ ಬಡಿಯದೆಯೇ ಚುಕ್ಕೆಯಾಗುವಷ್ಟು ಎತ್ತರಕ್ಕೆ ಹೋಗುತ್ತವೆ. ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆಯಂತಹ ಬಂಡೆಗುಡ್ಡಗಳ ಮೇಲೆ ಹದ್ದುಗಳು ತೇಲುವುದೂ ಏರುಗಾಳಿಯ ಬಲದಿಂದಲೇ. ಹಕ್ಕಿಯ ಹಾರಾಟದ ಅತಿ ಎತ್ತರದ ದಾಖಲೆಯೂ ತೇಲುವ ಜಾತಿಯದೇ ಆಗಿದೆ: 1973ರ ನವೆಂಬರಿನಲ್ಲಿ ಪಶ್ಚಿಮ ಆಫ್ರಿಕಾದ ಅಬಿಜಾನ್ ನಗರದ ಮೇಲೆ ಸುಮಾರು 11,300 ಮೀಟರ್ ಎತ್ತರದಲ್ಲಿ ರುಪೆಲ್ ರಣಹದ್ದೊಂದು ವಿಮಾನಕ್ಕೆ ಡಿಕ್ಕಿಯಾಯಿತು.

ಹೆಬ್ಬಾತು ಎರಡನೆಯ ಬಗೆಗೆ ಸೇರಿದ್ದು. ಭಾರವಾದ ದೇಹ ಮತ್ತು ಕಿರಿದಾದ ರೆಕ್ಕೆಯ ಈ ಹಕ್ಕಿ ಹಾರುವಷ್ಟು ಹೊತ್ತೂ ರೆಕ್ಕೆ ಬಡಿಯಲೇಬೇಕು. ಆದ್ದರಿಂದ ರಣಹದ್ದಿಗಿಂತ ಕಡಿಮೆ ಎತ್ತರದಲ್ಲಿ ಹಾರಿದರೂ ದೇಹಶ್ರಮದ ದೃಷ್ಟಿಯಿಂದ ಹೆಬ್ಬಾತಿನ ಸಾಧನೆಯೇ ದೊಡ್ಡದು.

ಉಸಿರಿನಿಂದ ಸ್ನಾಯುವಿನವರೆಗೆ

ಮನುಷ್ಯನ ಶ್ವಾಸಕೋಶದಲ್ಲಿ ಗಾಳಿ ಹೋದ ದಾರಿಯಲ್ಲೇ ಹಿಂದಿರುಗುತ್ತದೆ. ಹಳೆಯ ಗಾಳಿ ಹೊಸದರೊಡನೆ ಬೆರೆಯುತ್ತದೆ. ಹಕ್ಕಿಗಳಲ್ಲಿ ಹಾಗಿಲ್ಲ. ಅವುಗಳ ದೇಹದೊಳಗಿನ ಗಾಳಿಚೀಲಗಳು ತಿದಿಯಂತೆ ಕೆಲಸಮಾಡಿ, ಉಸಿರೆಳೆದಾಗಲೂ ಬಿಟ್ಟಾಗಲೂ ಶ್ವಾಸಕೋಶದ ಮೂಲಕ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಸುತ್ತವೆ. ಹೀಗಾಗಿ ತೆಳುಗಾಳಿಯಿಂದಲೂ ಹೆಚ್ಚು ಆಮ್ಲಜನಕವನ್ನು ಹೀರಲು ಸಾಧ್ಯ. ಈ ಏರ್ಪಾಡು ಗುಬ್ಬಚ್ಚಿಗೂ ಇದೆ. ಪಟ್ಟೆತಲೆ ಹೆಬ್ಬಾತಿನ ವಿಶೇಷವೆಂದರೆ ಅದರ ಶ್ವಾಸಕೋಶ ಇತರ ನೀರುಹಕ್ಕಿಗಳದಕ್ಕಿಂತ ದೊಡ್ಡದು ಮತ್ತು ಆಮ್ಲಜನಕ ಕಡಿಮೆಯಾದಾಗ ಅದು ಹೆಚ್ಚು ಆಳವಾಗಿ ಉಸಿರಾಡುತ್ತದೆ. ವೇಗವಾಗಿ ಉಸಿರಾಡುವ ಮನುಷ್ಯನ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ, ಮಿದುಳಿನ ರಕ್ತನಾಳಗಳು ಸಂಕುಚಿಸಿ, ತಲೆಸುತ್ತು ಬರುತ್ತದೆ. ಹಕ್ಕಿಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ.

ಮುಂದಿನ ಹಂತ ರಕ್ತ. ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯ 119ನೆಯ ಸ್ಥಾನದಲ್ಲಿ ಇತರ ಹೆಬ್ಬಾತುಗಳಿಗೆ ಪ್ರೋಲೀನ್ ಎಂಬ ಅಮೈನೋ ಆಮ್ಲವಿದ್ದರೆ ಇದಕ್ಕೆ ಅಲನೀನ್ ಇದೆ. ಈ ಒಂದು ಬದಲಾವಣೆಯಿಂದ ಅಣುವಿನೊಳಗಿನ ಒಂದು ಬಿಗಿಹಿಡಿತ ಸಡಿಲವಾಗಿ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೆಚ್ಚು ಸುಲಭವಾಗಿ ಹಿಡಿಯುತ್ತದೆ. ಹಿಮೋಗ್ಲೋಬಿನ್ನಿನ ರಚನೆಯನ್ನು ಬಿಡಿಸಿ 1962ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಮ್ಯಾಕ್ಸ್ ಪೆರುಟ್ಜ್ 1983ರಲ್ಲಿ ಇದಕ್ಕೆ ಗಮನ ಸೆಳೆದರು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಹೆಬ್ಬಾತಿನಲ್ಲಿ ಅದೇ ಹಿಡಿತ ಇನ್ನೊಂದು ಬದಿಯಿಂದ, ಬೀಟಾ ಸರಪಳಿಯ ಬದಲಾವಣೆಯಿಂದ ಸಡಿಲಗೊಂಡಿದೆ. ಎರಡು ಖಂಡಗಳ ಎರಡು ಹಕ್ಕಿಗಳು ಬೇರೆ ಬೇರೆಯಾಗಿ ಒಂದೇ ಪರಿಹಾರಕ್ಕೆ ಬಂದು ನಿಂತಿರುವುದು ಜೀವವಿಕಾಸದ ಪಾಠಕ್ಕೆ ಒಳ್ಳೆಯ ಉದಾಹರಣೆ.

ಹಿಡಿದ ಆಮ್ಲಜನಕ ಸ್ನಾಯುವನ್ನು ತಲುಪಬೇಕು. ಹೃದಯದ ಎಡ ಹೃತ್ಕುಕ್ಷಿಯಲ್ಲಿಯೂ ಎದೆಯ ಹಾರುಸ್ನಾಯುಗಳಲ್ಲಿಯೂ ಲೋಮನಾಳಗಳು ಹೆಚ್ಚು ದಟ್ಟವಾಗಿವೆ. ಸ್ನಾಯುಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳು ಕೋಶಪೊರೆಯ ಹತ್ತಿರಕ್ಕೆ, ಅಂದರೆ ರಕ್ತನಾಳದ ಪಕ್ಕಕ್ಕೆ, ಸರಿದು ನಿಂತಿವೆ. ಈ ಕೊಂಡಿಗಳಲ್ಲಿ ಒಂದನ್ನೇ ಹಿಡಿದು ಎತ್ತರದ ಹಾರಾಟದ ಗುಟ್ಟು ಎನ್ನುವುದು ಸರಿಯಾಗದು. ಒಂದು ಸಡಿಲವಾದರೂ ಉಳಿದವುಗಳ ಪ್ರಯೋಜನ ಕುಗ್ಗುತ್ತದೆ.

ಜೆಸ್ಸಿಕಾ ಮೀರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಹೆಬ್ಬಾತುಗಳನ್ನು ಮರಿಯಿಂದಲೇ ಸಾಕಿ, ಮುಖವಾಡ ತೊಡಿಸಿ, ಗಾಳಿಸುರಂಗದಲ್ಲಿ ಹಾರಿಸಲಾಯಿತು. ಸುಮಾರು 9,000 ಮೀಟರ್ ಎತ್ತರಕ್ಕೆ ಸಮನಾದಷ್ಟು ಆಮ್ಲಜನಕದಲ್ಲಿಯೂ ಕೆಲವು ಹಕ್ಕಿಗಳು ಸ್ವಲ್ಪ ಹೊತ್ತು ಹಾರಿದವು. ಆಗ ಅವು ದೇಹದ ಶಕ್ತಿವ್ಯಯವನ್ನು ತಗ್ಗಿಸಿಕೊಂಡದ್ದು ಕಂಡುಬಂದಿತು. ಮೀರ್ ಅದೇ ವರ್ಷ ಗಗನಯಾತ್ರಿಯಾಗಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ತೆರಳಿದರು.

ಹಾರುವ ದಾರಿ ಮತ್ತು ಹೊತ್ತು

ಈ ಹಕ್ಕಿ ಎವರೆಸ್ಟ್ ಶಿಖರದ ಮೇಲಿಂದ ಹಾರುತ್ತದೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. 1950ರ ದಶಕದ ಪರ್ವತಾರೋಹಿಗಳ ಹೇಳಿಕೆಗಳು ಇದಕ್ಕೆ ಮೂಲ. ಉಪಗ್ರಹ ಸಂಪರ್ಕದ ಉಪಕರಣಗಳನ್ನು ಹಕ್ಕಿಗಳಿಗೆ ಅಳವಡಿಸಿದ ಮೇಲೆ ಬೇರೆಯೇ ಚಿತ್ರ ದೊರೆಯಿತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ದಾಖಲಾದ ಸ್ಥಾನಗಳಲ್ಲಿ ಶೇಕಡ 95ರಷ್ಟು 5,500 ಮೀಟರಿಗಿಂತ ಕೆಳಗಿದ್ದವು. ಶಿಖರಗಳನ್ನು ಬಿಟ್ಟು ಕಣಿವೆ ಮತ್ತು ಕಣಿವೆದಾರಿಗಳನ್ನು ಹಿಡಿಯುವುದೇ ಇವುಗಳ ಕ್ರಮ. 2015ರ ಇನ್ನೊಂದು ಅಧ್ಯಯನದ ಪ್ರಕಾರ ಇವು ನೆಲದ ಏರಿಳಿತವನ್ನೇ ಅನುಸರಿಸುತ್ತವೆ. ಒಮ್ಮೆ ಏರಿದ ಎತ್ತರವನ್ನು ಉಳಿಸಿಕೊಳ್ಳದೆ ಕೆಳಗಿಳಿದು ಮತ್ತೆ ಏರುವುದು ವ್ಯರ್ಥ ಶ್ರಮವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಎತ್ತರದಲ್ಲಿ ರೆಕ್ಕೆಬಡಿತ ತುಸು ಹೆಚ್ಚಿದರೂ ಹೃದಯಬಡಿತ ಬಹಳವಾಗಿ ಏರುವುದರಿಂದ, ಇಳಿದು ಏರುವುದೇ ಅಗ್ಗ.

ಹೊತ್ತಿನ ಆಯ್ಕೆಯೂ ಗಮನಾರ್ಹ. ಮಧ್ಯಾಹ್ನದ ಏರುಗಾಳಿಯನ್ನು ನೆಚ್ಚದೆ, ಗಾಳಿ ಶಾಂತವಾಗಿಯೂ ತಂಪಾಗಿಯೂ ಇರುವ ರಾತ್ರಿ ಮತ್ತು ಮುಂಜಾನೆಯಲ್ಲಿ ಇವು ಪರ್ವತವನ್ನು ಏರುತ್ತವೆ. ತಂಪುಗಾಳಿ ಹೆಚ್ಚು ಸಾಂದ್ರವಾದ್ದರಿಂದ ರೆಕ್ಕೆಗೆ ಹಿಡಿತ ಸಿಗುತ್ತದೆ. ಉತ್ತರಾಭಿಮುಖ ವಲಸೆಯಲ್ಲಿ 4,000ದಿಂದ 6,000 ಮೀಟರುಗಳಷ್ಟು ಏರಿಕೆಯನ್ನು ಕೇವಲ 7–8 ಗಂಟೆಗಳಲ್ಲಿ ಪೂರೈಸುತ್ತವೆ. ಮನುಷ್ಯ ಅಷ್ಟೇ ಎತ್ತರವನ್ನು ಅಷ್ಟು ಬೇಗ ಏರಿದರೆ ಜೀವಕ್ಕೇ ಅಪಾಯ.

ಚಳಿಗಾಲದ ನೆಲೆ

ಹಿಂದಿರುಗುವ ಪಯಣಕ್ಕೆ ಬೇಕಾದ ಇಂಧನವನ್ನು ಹಕ್ಕಿ ಕೊಬ್ಬಿನ ರೂಪದಲ್ಲಿ ಚಳಿಗಾಲದ ನೆಲೆಯಲ್ಲಿ ಕೂಡಿಡತೊಡಗುತ್ತದೆ. ಹುಲ್ಲು, ಎಳೆಯ ಪೈರು ಮತ್ತು ಕೊಯ್ಲಾದ ಗದ್ದೆಯಲ್ಲಿ ಉದುರಿದ ಕಾಳು ಇದರ ಆಹಾರ. ಹಗಲು ವಿಶ್ರಮಿಸಲು ವಿಶಾಲವಾದ ತೆರೆದ ನೀರು ಬೇಕು. ಮೇಯಲು ಹೊಲಗದ್ದೆಗಳು ಹತ್ತಿರದಲ್ಲಿರಬೇಕು.

ಮಂಡ್ಯ ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳಲ್ಲಿ ಇಂತಹ ನೆಲದ ರಚನೆ ಬೇರೆ ಬೇರೆ ಪ್ರಮಾಣದಲ್ಲಿದೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ನಾಲೆ ನೀರಿನ ಭತ್ತ-ಕಬ್ಬಿನ ಸೀಮೆ. ಪಾಂಡವಪುರದಲ್ಲಿ ಪ್ರಾಚೀನವಾದ ತೊಣ್ಣೂರು ಕೆರೆಯೂ ಇದೆ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ಕಾವೇರಿಯನ್ನು ಕೂಡುವ ಕಡೆ ಕೃಷ್ಣರಾಜಸಾಗರದ ಹಿನ್ನೀರು ಹರಡಿದ್ದು, ನೀರು ಇಳಿದಂತೆ ಹುಲ್ಲಿನ ಅಂಚು ತೆರೆದುಕೊಳ್ಳುತ್ತದೆ. ನಾಗಮಂಗಲದಲ್ಲಿ ಮಳೆಯನ್ನೇ ನೆಚ್ಚಿದ ಕೆರೆಗಳು ಹೆಚ್ಚು. ಮಳೆ ಕೈಕೊಟ್ಟ ವರ್ಷ ಅವು ವಲಸೆ ಹಕ್ಕಿಗಳಿಗೆ ಒದಗುವುದಿಲ್ಲ. ಕೆರೆಯ ಮೇಲ್ಮೈಯನ್ನು ಜೊಂಡು, ಅಂತರಗಂಗೆ ಮುಚ್ಚಿದರೆ ನೀರಿದ್ದೂ ಹೆಬ್ಬಾತಿಗೆ ಇಳಿಯಲು ಜಾಗವಿರುವುದಿಲ್ಲ. ಹಿಂಡು ಎಳೆಯ ಪೈರಿಗೆ ಇಳಿದರೆ ರೈತನಿಗೆ ಆಗುವ ನಷ್ಟವೂ ನಿಜವಾದದ್ದೇ. ಪಕ್ಷಿಪ್ರೇಮದ ಬರಹಗಳಲ್ಲಿ ಈ ಮಾತು ಹೆಚ್ಚಾಗಿ ಬಿಟ್ಟುಹೋಗುತ್ತದೆ.

ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟು 2022ರಲ್ಲಿಯೂ, ಮಾಗಡಿ ಕೆರೆ 2024ರಲ್ಲಿಯೂ ರಾಮ್ಸರ್ ಒಪ್ಪಂದದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದವು. ಹದಿನಾರು ಕೆರೆ ಆ ಎರಡೂ ಸೇರ್ಪಡೆಗಳಲ್ಲಿ ಇರಲಿಲ್ಲ.